ಕೆಲಸ ಕೆಡಿಸದ ಅಳತೆ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ಅಳತೆಯಿಲ್ಲದೆ ಲೋಕವ್ಯವಹಾರ ನಡೆಯದು. ಕಣದಲ್ಲಿ ರಾಗಿಯನ್ನು ಅಳೆಯುವ ರೈತನಿಂದ ಹಿಡಿದು ರಾಜ್ಯದ ಆಯವ್ಯಯವನ್ನು ಮಂಡಿಸುವ ಮಂತ್ರಿಯವರೆಗೆ ಎಲ್ಲರಿಗೂ ‘ಎಷ್ಟು?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಆದರೆ ಅಳೆಯುವ ಕೆಲಸಕ್ಕೂ ಒಂದು ವೆಚ್ಚವುಂಟೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕೊಳಗದಲ್ಲಿ ಅಳೆದು ಸುರಿಯುವಾಗ ನಾಲ್ಕು ಕಾಳು ನೆಲಕ್ಕೆ ಚೆಲ್ಲಿಯೇ ಚೆಲ್ಲುವುದು. ಚಿಕ್ಕ ಲೋಟದ ಬಿಸಿನೀರಿನಲ್ಲಿ ತಣ್ಣನೆಯ ಉಷ್ಣಮಾಪಕವನ್ನು ಅದ್ದಿದರೆ ಆ ನೀರಿನ ಶಾಖವನ್ನು ಸ್ವಲ್ಪಮಟ್ಟಿಗೆ ಮಾಪಕವೇ ಹೀರಿಕೊಳ್ಳುವುದು. ಅದು ತೋರಿಸುವುದು ಅದ್ದುವುದಕ್ಕೆ ಮುಂಚಿನ ಶಾಖವನ್ನಲ್ಲ, ಅದ್ದಿದ ಮೇಲಿನದನ್ನು. ವೋಲ್ಟ್‌ಮಾಪಕವನ್ನು ತಯಾರಿಸುವವರು ಅದಕ್ಕೆ ಬಹು ಹೆಚ್ಚಿನ ರೋಧವನ್ನು ಕೊಡುವುದೂ ಇದೇ ಕಾರಣದಿಂದ. ಮಾಪಕದ ಮೂಲಕ ಹರಿಯುವ ವಿದ್ಯುತ್ತು ಹೆಚ್ಚಾದರೆ ನಾವು ಅಳೆಯಬೇಕೆಂದಿದ್ದ ಒತ್ತಡವೇ ಬದಲಾಗಿಬಿಡುವುದು.

ಇದೇ ತೊಡಕು ನಮ್ಮ ಕಾಲದ ಮುಖ್ಯ ಸಾಧನಗಳಲ್ಲಿ ಒಂದಾದ ಡೇಟಾಬೇಸಿಗೂ ಇದೆ. ಒಂದು ಡೇಟಾಬೇಸು ಸೆಕೆಂಡಿಗೆ ಎಷ್ಟು ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದೆ ಎಂಬುದನ್ನು, ಅದರ ಕೆಲಸಕ್ಕೆ ಅಡ್ಡಿಯಾಗದಂತೆ ಅಳೆಯುವುದು ಹೇಗೆ? ಇದೇ ಪ್ರಕೃತ ಲೇಖನದ ವಿಷಯ. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಬಿಡುವಿನ ವೇಳೆಯಲ್ಲಿ ಪೋಸ್ಟ್‌ಗ್ರೆಸ್ ಎಂಬ ಉಚಿತ ಡೇಟಾಬೇಸನ್ನು ಗಣಕದಲ್ಲಿ ಹಾಕಿಕೊಂಡು ಅಭ್ಯಾಸ ಮಾಡಿದ್ದೇನೆ. ಆದ್ದರಿಂದ ಈ ವಿಷಯವನ್ನು ಕಲಾ ವಿಭಾಗದ ಗೆಳೆಯರಿಗೂ ತಿಳಿಯುವ ಮಾತಿನಲ್ಲಿ ಹೇಳಬಹುದೆಂದು ಧೈರ್ಯಪಟ್ಟಿದ್ದೇನೆ.

ಡೇಟಾಬೇಸು ಮತ್ತು ಅದರ ವಿಲೇವಾರಿ

ಡೇಟಾಬೇಸು ಎಂದರೆ ಕ್ರಮವಾಗಿ ಜೋಡಿಸಿಟ್ಟ ದತ್ತಾಂಶಗಳ ಭಂಡಾರ. ಅಡ್ಡಸಾಲು ಉದ್ದಸಾಲುಗಳ ಪಟ್ಟಿಗಳಲ್ಲಿ ವಿಷಯವನ್ನು ತುಂಬಿ, ಬೇಕಾದದ್ದನ್ನು ಕೇಳಿ ಪಡೆಯುವ ಈಗಿನ ಪದ್ಧತಿಗೆ ತಳಹದಿಯನ್ನು ಹಾಕಿದವನು ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್. ಅವನ ಪ್ರಸಿದ್ಧ ಪ್ರಬಂಧ ಹೊರಬಂದದ್ದು 1970ರಲ್ಲಿ. 1986ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಎಂಬ ಪ್ರಾಧ್ಯಾಪಕನು ಆರಂಭಿಸಿದ ಕಾರ್ಯವೇ ಮುಂದೆ ಪೋಸ್ಟ್‌ಗ್ರೆಸ್ ಆಗಿ ಬೆಳೆಯಿತು. 1995ರಲ್ಲಿ ಹೊರಬಂದ ಮೈಎಸ್‌ಕ್ಯುಎಲ್ ಕೂಡ ಇದೇ ಜಾತಿಯದು. ಇವು ಎಲ್ಲಿಯೋ ದೂರದ ಸಂಗತಿಗಳೆಂದು ಯಾರೂ ತಿಳಿಯಬೇಕಾಗಿಲ್ಲ. 2000ದ ಸುಮಾರಿಗೆ ‘ಭೂಮಿ’ ಯೋಜನೆಯ ಮೂಲಕ ನಮ್ಮ ರಾಜ್ಯದ ಪಹಣಿಗಳು ಗಣಕಕ್ಕೆ ಏರಿದ ಮೇಲೆ ರೈತನ ಹೊಲದ ಲೆಕ್ಕವೂ ಡೇಟಾಬೇಸಿನಲ್ಲಿಯೇ ಇದೆ. ನಮ್ಮ ಅಂಕಪಟ್ಟಿ, ಪಡಿತರ ಚೀಟಿ, ಬ್ಯಾಂಕಿನ ಖಾತೆ, ರೈಲಿನ ಟಿಕೆಟು ಎಲ್ಲವೂ ಒಂದಲ್ಲ ಒಂದು ಡೇಟಾಬೇಸಿನ ಪಟ್ಟಿಯೊಳಗಿನ ಸಾಲುಗಳೇ.

ಹೊರಗಿನಿಂದ ಬರುವ ಒಂದೊಂದು ಕೇಳಿಕೆಗೂ ‘ಕ್ವೆರಿ’ ಎಂದು ಹೆಸರು. ಇಲ್ಲಿ ಅದನ್ನು ‘ಪ್ರಶ್ನೆ’ ಎಂದು ಕರೆಯುವೆನು. ‘ಈ ನೋಂದಣಿ ಸಂಖ್ಯೆಯ ವಿದ್ಯಾರ್ಥಿಯ ಅಂಕಗಳೇನು?’ ಎಂಬುದು ಒಂದು ಪ್ರಶ್ನೆ. ‘ಈ ಅರ್ಜಿಯನ್ನು ಸೇರಿಸಿಕೋ’ ಎಂಬುದೂ ಇಲ್ಲಿ ಪ್ರಶ್ನೆಯೆಂದೇ ಲೆಕ್ಕ. ನಿಗದಿಯಾದ ಹೊತ್ತಿನಲ್ಲಿ ಎಷ್ಟು ಪ್ರಶ್ನೆಗಳು ಮುಗಿದುವು ಎಂಬುದಕ್ಕೆ ಗಣಕದವರು ‘ಥ್ರೂಪುಟ್’ ಎನ್ನುವರು. ನಮ್ಮ ಕಚೇರಿಗಳಲ್ಲಿ ಕಡತಗಳ ವಿಷಯದಲ್ಲಿ ಬಳಸುವ ‘ವಿಲೇವಾರಿ’ ಎಂಬ ಮಾತು ಇದಕ್ಕೆ ಚೆನ್ನಾಗಿ ಒಪ್ಪುವುದು. ಸೆಕೆಂಡಿಗೆ 600 ಪ್ರಶ್ನೆಗಳ ವಿಲೇವಾರಿ ಎಂದರೆ ಅರ್ಥವಾಗದವರು ಯಾರು?

ಈ ಅಂಕಿಯಿಂದ ಏನು ಪ್ರಯೋಜನ ಎಂದು ಕೆಲವರು ಕೇಳಬಹುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ನನ್ನಂತಹವರಿಗೆ ವಿದ್ಯಾರ್ಥಿವೇತನದ ಅರ್ಜಿಯ ಕಡೆಯ ದಿನವೆಂದರೆ ಸಾಮಾನ್ಯವಾದ ದಿನವಲ್ಲ. ಊರಿನಿಂದ ಬಸ್ಸು ಹಿಡಿದು ಬಂದು ಸೈಬರ್ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಾಗ, ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇದ್ದು, ಅಂಗಡಿಯವನು ‘ಸರ್ವರ್ ಬ್ಯುಸಿ, ನಾಳೆ ಬನ್ನಿ’ ಎಂದರೆ, ಒಂದು ದಿನದ ಪಾಠವೂ ಜೊತೆಗೆ ಬಂದ ತಂದೆಯ ಒಂದು ದಿನದ ಕೂಲಿಯೂ ಹೋದಂತೆಯೇ. ಅಂತಹ ದಿನ ಯಂತ್ರದ ಶಕ್ತಿ ಎಷ್ಟು, ಅದರ ಮೇಲೆ ಬಿದ್ದಿರುವ ಹೊರೆ ಎಷ್ಟು ಎಂಬುದನ್ನು ಮೊದಲೇ ತಿಳಿದಿದ್ದವರು ಹೊರೆಯನ್ನು ಹಂಚಬಲ್ಲರು, ಯಂತ್ರವನ್ನು ಹೆಚ್ಚಿಸಬಲ್ಲರು, ಇಲ್ಲವೆ ಕಡೆಯ ದಿನವನ್ನು ಮುಂದೂಡಬಲ್ಲರು. ಅಳೆಯದವರು ಕೈಕಟ್ಟಿ ಕುಳಿತಿರಬೇಕಾಗುವುದು. ಆದರೆ ಅಳೆಯುವ ಭರದಲ್ಲಿ ಇರುವ ಶಕ್ತಿಯನ್ನೇ ತಿಂದುಹಾಕಿದರೆ ಆ ಸಾಲು ಇನ್ನಷ್ಟು ಉದ್ದವಾಗುವುದು. ಆದ್ದರಿಂದ ಅಳೆಯಲೂ ಬೇಕು, ಅಳತೆಯ ಭಾರ ಸಾಲಿನಲ್ಲಿ ನಿಂತವರ ಮೇಲೆ ಬೀಳಲೂ ಬಾರದು.

ಎಲ್ಲವನ್ನೂ ಬರೆದಿಡುವ ವಿಧಾನ

ಯಾರಿಗಾದರೂ ಮೊದಲು ಹೊಳೆಯುವ ಉಪಾಯವೆಂದರೆ ಬಂದ ಪ್ರಶ್ನೆಗಳನ್ನೆಲ್ಲಾ ಒಂದು ಕಡತದಲ್ಲಿ ಬರೆದಿಡುವುದು, ಆಮೇಲೆ ಸಾಲುಗಳನ್ನು ಎಣಿಸುವುದು. ಇಂತಹ ಕಡತಕ್ಕೆ ‘ಲಾಗ್’ ಎಂದು ಹೆಸರು. ಪೋಸ್ಟ್‌ಗ್ರೆಸಿನಲ್ಲಿಯೂ ಮೈಎಸ್‌ಕ್ಯುಎಲ್‌ನಲ್ಲಿಯೂ ಈ ಅನುಕೂಲವುಂಟು. ಇದರ ವೆಚ್ಚವನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ 5,000 ಪ್ರಶ್ನೆಗಳು ಬರುತ್ತಿವೆಯೆಂದೂ ಒಂದೊಂದನ್ನು ಬರೆಯಲು 200 ಬೈಟುಗಳು ಬೇಕೆಂದೂ ಇಟ್ಟುಕೊಂಡರೆ ಸೆಕೆಂಡಿಗೆ 10 ಲಕ್ಷ ಬೈಟುಗಳಾದುವು. ದಿನಕ್ಕೆ 86,400 ಸೆಕೆಂಡುಗಳು. ಅಂದರೆ ಒಂದು ದಿನದ ಲಾಗು ಸುಮಾರು 86 ಗಿಗಾಬೈಟು! ಇದನ್ನೆಲ್ಲ ಬರೆಯಬೇಕಾದದ್ದು, ಎಷ್ಟೋ ವೇಳೆ, ಡೇಟಾಬೇಸು ತನ್ನ ನಿಜವಾದ ಕೆಲಸಕ್ಕೆ ಬಳಸುತ್ತಿರುವ ಅದೇ ಡಿಸ್ಕಿನ ಮೇಲೆಯೇ.

ತೊಂದರೆ ಇಷ್ಟಕ್ಕೇ ಮುಗಿಯುವುದಿಲ್ಲ. ಪೋಸ್ಟ್‌ಗ್ರೆಸಿನಲ್ಲಿ ಒಬ್ಬೊಬ್ಬ ಗಿರಾಕಿಗೂ ಒಂದೊಂದು ಪ್ರತ್ಯೇಕ ಪ್ರಕ್ರಿಯೆ ದುಡಿಯುವುದು. ಆದರೆ ಲಾಗಿನ ಸಂಗ್ರಾಹಕನನ್ನು ನಿಯಮಿಸಿದಾಗ ಇವೆಲ್ಲವೂ ತಮ್ಮ ಬರಹವನ್ನು ಆ ಒಬ್ಬನಿಗೇ ಒಪ್ಪಿಸಬೇಕು. ಒಂದು ಮಾತನ್ನೂ ಕಳೆಯಬಾರದೆಂಬುದು ಅವನ ವ್ರತ. ಹೀಗಿರಲು ಹೊರೆ ಮಿತಿಮೀರಿ ಅವನು ಹಿಂದೆ ಬಿದ್ದರೆ ದುಡಿಯುವವರೆಲ್ಲರೂ ಕೆಲಸ ನಿಲ್ಲಿಸಿ ಅವನಿಗಾಗಿ ಕಾಯಬೇಕಾಗಿ ಬರಬಹುದು. ಹತ್ತು ಮಂದಿ ಗುಮಾಸ್ತರಿರುವ ಕಚೇರಿಯಲ್ಲಿ ಪ್ರತಿಯೊಂದು ಕಡತವನ್ನೂ ಒಬ್ಬನೇ ಶಿರಸ್ತೇದಾರನ ಪುಸ್ತಕದಲ್ಲಿ ದಾಖಲಿಸಿದ ಮೇಲೆಯೇ ಮುಂದಿನದನ್ನು ಮುಟ್ಟತಕ್ಕದ್ದು ಎಂದು ಆಜ್ಞೆ ಮಾಡಿದರೆ ಏನಾದೀತು? ಅದರಲ್ಲೂ ಈ ವೆಚ್ಚ ಬಿಡುವಾದ ದಿನ ಕಡಮೆ, ಗದ್ದಲದ ದಿನವೇ ಹೆಚ್ಚು. ಶಕ್ತಿ ಎಂದು ಹೆಚ್ಚು ಬೇಕೋ ಅಂದೇ ಅದು ಹೆಚ್ಚು ಶಕ್ತಿಯನ್ನು ಕಬಳಿಸುವುದು.

ಮೀಟರಿನ ವಿಧಾನ

ಹಾಗಾದರೆ ಬೇರೆ ದಾರಿ ಯಾವುದು? ಅದು ನಮ್ಮ ಮನೆಯ ಗೋಡೆಯ ಮೇಲೆಯೇ ಇದೆ. ವಿದ್ಯುತ್ತಿನ ಮೀಟರು ತಾನಾಗಿ ಓಡುತ್ತಿರುವುದು. ಯಾವ ದೀಪ ಯಾವಾಗ ಹತ್ತಿತು, ಯಾರು ಹತ್ತಿಸಿದರು ಎಂಬುದನ್ನು ಅದು ಬರೆದಿಡುವುದಿಲ್ಲ; ಒಂದು ಅಂಕಿಯನ್ನು ಮಾತ್ರ ಬೆಳೆಸುತ್ತಾ ಹೋಗುವುದು. ತಿಂಗಳಿಗೊಮ್ಮೆ ಬರುವಾತನು ಆ ಅಂಕಿಯನ್ನು ಓದಿ, ಹಿಂದಿನ ತಿಂಗಳ ಅಂಕಿಯನ್ನು ಕಳೆದು, ಬಿಲ್ಲನ್ನು ಕೊಡುವನು. ಅವನು ಓದಲು ಬಂದನೆಂದು ಮನೆಯ ದೀಪ ಆರುವುದಿಲ್ಲ.

ಡೇಟಾಬೇಸಿನೊಳಗೂ ಇಂತಹ ಮೀಟರುಗಳಿವೆ. ಗಣಕದ ಭಾಷೆಯಲ್ಲಿ ಇವು ‘ಕೌಂಟರು’ಗಳು. ಪೋಸ್ಟ್‌ಗ್ರೆಸಿನಲ್ಲಿ ‘ಪಿಜಿ ಸ್ಟ್ಯಾಟ್ ಡೇಟಾಬೇಸ್’ ಎಂಬ ಪಟ್ಟಿಯಿದ್ದು, ಒಂದೊಂದು ಡೇಟಾಬೇಸಿಗೂ ಅದರಲ್ಲಿ ಒಂದೊಂದು ಸಾಲುಂಟು. ಆರಂಭದಿಂದ ಇಲ್ಲಿಯವರೆಗೆ ಸಫಲವಾಗಿ ಮುಗಿದ ವ್ಯವಹಾರಗಳು ಎಷ್ಟು, ರದ್ದಾದುವು ಎಷ್ಟು ಎಂಬುದು ಅಲ್ಲಿ ಬೆಳೆಯುತ್ತಲೇ ಇರುವುದು. ಮೈಎಸ್‌ಕ್ಯುಎಲ್‌ನಲ್ಲಿ ಗಿರಾಕಿಗಳಿಂದ ಬಂದ ಹೇಳಿಕೆಗಳ ಎಣಿಕೆಗೆ ‘ಕ್ವೆಶ್ಚನ್ಸ್’ ಎಂದೂ, ಒಳಗಿನ ಸಿದ್ಧ ವಿಧಿಗಳು ನಡೆಸಿದ ಹೇಳಿಕೆಗಳನ್ನೂ ಕೂಡಿಸಿದ ಎಣಿಕೆಗೆ ‘ಕ್ವೆರೀಸ್’ ಎಂದೂ ಹೆಸರು.

ಉದಾಹರಣೆಗೆ, ಬೆಳಿಗ್ಗೆ ಸರಿಯಾಗಿ 10 ಗಂಟೆಗೆ ಪೋಸ್ಟ್‌ಗ್ರೆಸಿನ ಮೀಟರಿನಲ್ಲಿ 48,20,000 ಎಂದಿತ್ತು, 10 ಗಂಟೆ 1 ನಿಮಿಷಕ್ಕೆ 48,56,000 ಎಂದಾಯಿತು ಎಂದಿಟ್ಟುಕೊಳ್ಳೋಣ. ವ್ಯತ್ಯಾಸ 36,000, ಅದನ್ನು 60ರಿಂದ ಭಾಗಿಸಿದರೆ ಸೆಕೆಂಡಿಗೆ 600 ವ್ಯವಹಾರಗಳ ವಿಲೇವಾರಿ ಎಂದಾಯಿತು. ಈ ಇಡೀ ಅಳತೆಗೆ ನಾವು ಡೇಟಾಬೇಸಿನಿಂದ ಬೇಡಿದ್ದು ಎರಡು ಸಣ್ಣ ಓದುಗಳನ್ನು ಮಾತ್ರ. ಆ ಓದುಗಳೂ ಒಂದೊಂದು ವ್ಯವಹಾರವೇ ಆದುದರಿಂದ ಅವೂ ಮೀಟರಿಗೆ ಸೇರುವುವು. ಆದರೆ 36,000ದಲ್ಲಿ ಒಂದೆರಡು ಯಾವ ಲೆಕ್ಕ? ಓದುವವರು ಪ್ರತಿ ಸಲವೂ ಹೊಸ ಸಂಪರ್ಕವನ್ನು ತೆರೆಯದೆ, ಒಂದೇ ಸಂಪರ್ಕವನ್ನು ಉಳಿಸಿಕೊಂಡಿದ್ದರೆ ಇನ್ನೂ ಮೇಲು. ಪೋಸ್ಟ್‌ಗ್ರೆಸಿನಲ್ಲಿ ಹೊಸ ಸಂಪರ್ಕವೆಂದರೆ ಹೊಸದೊಂದು ಪ್ರಕ್ರಿಯೆಯನ್ನೇ ಹುಟ್ಟಿಸಬೇಕು. ಮೀಟರನ್ನು ಓದುವುದಕ್ಕಿಂತ ಬಾಗಿಲು ತೆಗೆಸುವುದೇ ದುಬಾರಿಯಾಗಬಾರದಷ್ಟೆ.

ಮೀಟರಿನ ಒಳಗುಟ್ಟು

ಇಲ್ಲಿ ಒಬ್ಬ ಜಾಣ ವಾಚಕನು, ‘ಓದುವುದು ಅಗ್ಗವಿರಬಹುದು, ಆದರೆ ಪ್ರತಿ ಪ್ರಶ್ನೆಗೂ ಅಂಕಿಯನ್ನು ಒಂದರಂತೆ ಹೆಚ್ಚಿಸುವುದಕ್ಕೆ ವೆಚ್ಚವಿಲ್ಲವೆ?’ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಒಂದಕ್ಕೆ ಒಂದನ್ನು ಕೂಡಿಸುವುದು ಗಣಕಕ್ಕೆ ಏನೂ ಅಲ್ಲ. ಆದರೆ ಹಲವರು ಏಕಕಾಲಕ್ಕೆ ಒಂದೇ ಅಂಕಿಯನ್ನು ಹೆಚ್ಚಿಸಲು ಹೋದರೆ ಕಥೆ ಬೇರೆಯಾಗುವುದು. ಈಗಿನ ಗಣಕದಲ್ಲಿ ಲೆಕ್ಕ ಮಾಡುವ ತಿರುಳುಗಳು ಹಲವಿರುವುವು. ಒಂದೊಂದು ತಿರುಳೂ ತನ್ನ ಪಕ್ಕದಲ್ಲಿ ನೆನಪಿನ ಸಣ್ಣ ಉಗ್ರಾಣವನ್ನು ಇಟ್ಟುಕೊಂಡಿರುವುದು. ಒಂದು ಅಂಕಿಯನ್ನು ತಿದ್ದಬೇಕಾದ ತಿರುಳು ಆ ಅಂಕಿಯಿರುವ ತುಣುಕನ್ನು (ಬಹುಪಾಲು ಯಂತ್ರಗಳಲ್ಲಿ ಇದು 64 ಬೈಟುಗಳದ್ದು) ಬೇರೆಯವರಿಂದ ಬಿಡಿಸಿ ತನ್ನ ಬಳಿಗೆ ತರಿಸಿಕೊಳ್ಳಬೇಕು. ಎಲ್ಲರೂ ಅದನ್ನೇ ಎಳೆದಾಡಿದರೆ ಎಲ್ಲರಿಗೂ ತಡವಾಗುವುದು.

ಇದಕ್ಕೆ ಪರಿಹಾರವನ್ನು ನಮ್ಮ ಬಸ್ಸುಗಳ ಹಳೆಯ ಟಿಕೆಟು ಪದ್ಧತಿಯಲ್ಲಿ ಕಾಣಬಹುದು. ಟಿಕೆಟು ಕೊಡುವ ವಿದ್ಯುನ್ಮಾನ ಯಂತ್ರಗಳು ಬರುವುದಕ್ಕೆ ಮುಂಚೆ ಪ್ರತಿಯೊಬ್ಬ ಕಂಡಕ್ಟರನ ಬಳಿಯೂ ಕ್ರಮಸಂಖ್ಯೆ ಹಾಕಿದ ಟಿಕೆಟುಗಳ ಕಟ್ಟು ಇರುತ್ತಿತ್ತು. ಆರಂಭದ ಸಂಖ್ಯೆ, ಕೊನೆಯ ಸಂಖ್ಯೆಗಳನ್ನು ಅವನು ವೇಬಿಲ್ಲಿನಲ್ಲಿ ಬರೆಯುತ್ತಿದ್ದನು. ವ್ಯತ್ಯಾಸವೇ ಮಾರಾಟವಾದ ಟಿಕೆಟು. ಒಬ್ಬೊಬ್ಬರ ಲೆಕ್ಕವನ್ನೂ ಡಿಪೋದಲ್ಲಿ ಕೂಡುತ್ತಿದ್ದರು. ಅದನ್ನು ಬಿಟ್ಟು ಇಡೀ ಡಿಪೋಗೆ ಒಂದೇ ಕಟ್ಟು ಇದ್ದಿದ್ದರೆ ಒಂದೊಂದು ಟಿಕೆಟಿಗೂ ಬಸ್ಸು ಡಿಪೋಗೆ ಓಡಿ ಬರಬೇಕಾಗುತ್ತಿತ್ತು!

ಪೋಸ್ಟ್‌ಗ್ರೆಸು ಮಾಡುವುದೂ ಹೀಗೆಯೇ. ಒಂದೊಂದು ಪ್ರಕ್ರಿಯೆಯೂ ತನ್ನ ಎಣಿಕೆಯನ್ನು ತನ್ನಲ್ಲಿಯೇ ಇಟ್ಟುಕೊಂಡು, ಬಿಡುವಾಗುವ ಹೊತ್ತಿಗೆ, ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಲಕ್ಕಿಂತ ಹೆಚ್ಚಿಲ್ಲದಂತೆ, ಎಲ್ಲರಿಗೂ ಸೇರಿದ ಲೆಕ್ಕಕ್ಕೆ ಕೂಡಿಸುವುದು. ಈ ಒಟ್ಟು ಲೆಕ್ಕವನ್ನು ನೋಡಿಕೊಳ್ಳಲು ಮೊದಲು ಬೇರೊಂದು ಪ್ರಕ್ರಿಯೆ ಇತ್ತು. 2022ರಲ್ಲಿ ಹೊರಬಂದ 15ನೆಯ ಆವೃತ್ತಿಯಿಂದ ಅದನ್ನು ತೆಗೆದುಹಾಕಿ, ಎಲ್ಲ ಪ್ರಕ್ರಿಯೆಗಳೂ ಹಂಚಿಕೊಳ್ಳುವ ನೆನಪಿನ ಜಾಗದಲ್ಲಿಯೇ ಲೆಕ್ಕವನ್ನು ಇಡಲಾಗಿದೆ. ಒಟ್ಟಿನಲ್ಲಿ ಎಣಿಕೆ ಕೆಲಸ ನಡೆಯುವ ಸ್ಥಳದಲ್ಲಿಯೇ ನಡೆಯಬೇಕು, ಕೂಡಿಸುವುದು ಅಪರೂಪಕ್ಕೆ ಆಗಬೇಕು, ಓದುವುದು ಇನ್ನೂ ಅಪರೂಪಕ್ಕೆ ಆಗಬೇಕು. ಈ ಲೇಖನದ ತಿರುಳು ಇಷ್ಟೇ.

ಎಷ್ಟು ಹೊತ್ತಿಗೊಮ್ಮೆ ಓದಬೇಕು?

ಮೀಟರನ್ನು ಓದುವ ಅಂತರವೂ ವಿಚಾರ ಮಾಡಬೇಕಾದದ್ದೇ. ಒಂದು ಗಂಟೆಯಲ್ಲಿ 3,60,000 ವ್ಯವಹಾರಗಳು ಮುಗಿದರೆ ಸರಾಸರಿ ಸೆಕೆಂಡಿಗೆ 100 ಆಯಿತು. ಇದನ್ನು ನೋಡಿದ ಅಧಿಕಾರಿ ‘ಚಿಂತೆಯಿಲ್ಲ’ ಎಂದುಕೊಳ್ಳುವನು. ಆದರೆ ಅವುಗಳಲ್ಲಿ 3,00,000 ವ್ಯವಹಾರಗಳು ಮೊದಲಿನ 10 ನಿಮಿಷಗಳಲ್ಲಿಯೇ ನುಗ್ಗಿದ್ದರೆ? ಆಗ ಆ ಹೊತ್ತಿನಲ್ಲಿ ಸೆಕೆಂಡಿಗೆ 500, ಉಳಿದ 50 ನಿಮಿಷಗಳಲ್ಲಿ ಸೆಕೆಂಡಿಗೆ 20 ಮಾತ್ರ. ಗಂಟೆಯ ಸರಾಸರಿಯಾದ 100 ಎಂಬುದು ಯಾವ ಹೊತ್ತಿನ ನಿಜವೂ ಅಲ್ಲ. ಸರಾಸರಿಯ ಈ ಮೋಸವನ್ನು ತಲಾ ಆದಾಯದ ಪಾಠದಲ್ಲಿ ನಾವೆಲ್ಲರೂ ಓದಿದ್ದೇವೆ.

ಹಾಗೆಂದು ಕ್ಷಣಕ್ಷಣವೂ ಓದುವುದರಲ್ಲಿ ಅರ್ಥವಿಲ್ಲ. ಪ್ರಕ್ರಿಯೆಗಳು ತಮ್ಮ ಎಣಿಕೆಯನ್ನು ಸೆಕೆಂಡಿಗೊಮ್ಮೆ ಒಪ್ಪಿಸುವಾಗ ಸೆಕೆಂಡಿಗೆ ಹತ್ತು ಸಲ ಓದಿದರೆ ಹಳೆಯ ಅಂಕಿಯೇ ಮತ್ತೆ ಮತ್ತೆ ಬರುವುದು. ಹತ್ತು ಸೆಕೆಂಡಿನಿಂದ ಒಂದು ನಿಮಿಷದವರೆಗಿನ ಅಂತರ ಸಾಮಾನ್ಯ ಬಳಕೆಗೆ ಸಾಕು. ಮೀಟರುಗಳನ್ನು ತಾನಾಗಿ ಓದುವ ಪ್ರೊಮೀಥಿಯಸ್ ಎಂಬ ಪ್ರಸಿದ್ಧ ಸಾಧನಕ್ಕೆ ಬೇರೆ ಅಪ್ಪಣೆ ಕೊಡದಿದ್ದರೆ ಅದು ಓದುವುದು ನಿಮಿಷಕ್ಕೊಮ್ಮೆ.

ಅಂಕಿಯನ್ನು ಅರ್ಥಮಾಡಿಕೊಳ್ಳುವಾಗ

ಅಂಕಿ ಸಿಕ್ಕಿತೆಂದ ಮಾತ್ರಕ್ಕೆ ಜ್ಞಾನ ಸಿಕ್ಕಿತೆಂದಲ್ಲ. ನಾಲ್ಕು ಎಚ್ಚರಿಕೆಗಳನ್ನು ಇಲ್ಲಿ ಹೇಳಬೇಕಾಗಿದೆ.

ಮೊದಲನೆಯದು, ಏನನ್ನು ಎಣಿಸುತ್ತಿದ್ದೇವೆ ಎಂಬುದು. ಪೋಸ್ಟ್‌ಗ್ರೆಸಿನ ಮೀಟರು ಎಣಿಸುವುದು ವ್ಯವಹಾರಗಳನ್ನು, ಬಿಡಿ ಪ್ರಶ್ನೆಗಳನ್ನಲ್ಲ. ಒಂದು ವ್ಯವಹಾರದಲ್ಲಿ ಒಂದೇ ಪ್ರಶ್ನೆ ಇರಬಹುದು, ಹತ್ತೂ ಇರಬಹುದು. ಆದ್ದರಿಂದ ಪೋಸ್ಟ್‌ಗ್ರೆಸಿನ 600ನ್ನು ಮೈಎಸ್‌ಕ್ಯುಎಲ್‌ನ 600ರೊಡನೆ ಹೋಲಿಸುವುದು, ಸೇರನ್ನೂ ಕಿಲೋವನ್ನೂ ಒಂದೇ ತಕ್ಕಡಿಗೆ ಹಾಕಿದಂತೆ.

ಎರಡನೆಯದು, ಮೀಟರು ಸೊನ್ನೆಗೆ ಇಳಿಯುವ ಸಂಭವ. ಯಂತ್ರ ಹಠಾತ್ತಾಗಿ ಕೆಟ್ಟು ಮತ್ತೆ ಏಳುವಾಗ ಪೋಸ್ಟ್‌ಗ್ರೆಸಿನ ಎಣಿಕೆಗಳು ಮೊದಲಿನಿಂದ ಆರಂಭವಾಗುವುವು. ಆಗ ಹೊಸ ಅಂಕಿಯಿಂದ ಹಳೆಯದನ್ನು ಕಳೆದರೆ ಉತ್ತರ ಸೊನ್ನೆಗಿಂತ ಕೆಳಗೆ ಹೋಗುವುದು. ಮನೆಗೆ ಹೊಸ ಮೀಟರು ಹಾಕಿದ ತಿಂಗಳು ಹಳೆಯ ಅಂಕಿಯನ್ನು ಕಳೆಯಬಾರದಷ್ಟೆ? ಎಣಿಕೆ ಎಂದು ಆರಂಭವಾಯಿತು ಎಂಬ ಕಾಲವನ್ನೂ ಅದೇ ಪಟ್ಟಿಯಲ್ಲಿ ಕೊಟ್ಟಿರುವರು. ಅದನ್ನು ಜೊತೆಗೆ ಓದಬೇಕು.

ಮೂರನೆಯದು, ಬೇಗನೆ ಕಣ್ಣಿಗೆ ಬೀಳದ ಮಾತು. ವಿಲೇವಾರಿ ಇಳಿದಿದೆ ಎಂದರೆ ಯಂತ್ರ ದಣಿದಿದೆ ಎಂದೇ ಅರ್ಥವಲ್ಲ; ಬಂದವರೇ ಕಡಮೆ ಇರಬಹುದು. ಹಾಗೆಯೇ ವಿಲೇವಾರಿ 600ರಲ್ಲಿಯೇ ನಿಂತಿದ್ದರೂ ಹೊರಗೆ ಸಾಲು ಬೆಳೆಯುತ್ತಿರಬಹುದು. ಇವನ್ನು ಬೇರ್ಪಡಿಸಲು 1961ರಲ್ಲಿ ಜಾನ್ ಲಿಟಲ್ ಎಂಬಾತನು ಸಾಧಿಸಿ ತೋರಿಸಿದ ಒಂದು ಸರಳ ಸೂತ್ರ ನೆರವಾಗುವುದು. ಸ್ಥಿರವಾಗಿ ನಡೆಯುತ್ತಿರುವ ಯಾವ ವ್ಯವಸ್ಥೆಯಲ್ಲಾದರೂ ಒಳಗಿರುವವರ ಸರಾಸರಿ ಸಂಖ್ಯೆಯು, ಬರುವ ವೇಗವನ್ನು ಒಬ್ಬೊಬ್ಬರು ಒಳಗಿರುವ ಸರಾಸರಿ ಕಾಲದಿಂದ ಗುಣಿಸಿದಷ್ಟಿರುವುದು. ಸೆಕೆಂಡಿಗೆ 600 ವ್ಯವಹಾರಗಳು, ಒಂದೊಂದಕ್ಕೂ ಸೆಕೆಂಡಿನ ನೂರರಲ್ಲಿ ಎರಡು ಭಾಗ ಎಂದರೆ, ಯಾವ ಕ್ಷಣದಲ್ಲಿ ನೋಡಿದರೂ ಸರಾಸರಿ 12 ವ್ಯವಹಾರಗಳು ಒಳಗಿರುವುವು. ವಿಲೇವಾರಿ 600 ಆಗಿಯೇ ಇದ್ದು ಒಳಗಿರುವುವು 60 ಆದರೆ, ಒಂದೊಂದಕ್ಕೂ ಸೆಕೆಂಡಿನ ಹತ್ತನೆಯ ಒಂದು ಭಾಗ ಹಿಡಿಯುತ್ತಿದೆ ಎಂದು ತಿಳಿಯಿತು. ಅಂದರೆ ತಡ ಐದು ಪಟ್ಟು ಹೆಚ್ಚಿದೆ. ಯಾರ ಕಾಲವನ್ನೂ ಗಡಿಯಾರ ಹಿಡಿದು ಅಳೆಯದೆ, ತಲೆಗಳನ್ನು ಆಗಾಗ್ಗೆ ಎಣಿಸಿ, ಮೀಟರನ್ನು ಓದಿ, ಕಾಯುವ ಹೊತ್ತನ್ನು ಕಂಡುಹಿಡಿದಂತಾಯಿತು. ಒಳಗಿರುವವರನ್ನು ತೋರಿಸಲು ಪೋಸ್ಟ್‌ಗ್ರೆಸಿನಲ್ಲಿ ‘ಪಿಜಿ ಸ್ಟ್ಯಾಟ್ ಆಕ್ಟಿವಿಟಿ’ ಎಂಬ ಇನ್ನೊಂದು ಪಟ್ಟಿಯುಂಟು.

ನಾಲ್ಕನೆಯದು, ಡೇಟಾಬೇಸಿನ ಬಾಗಿಲನ್ನೇ ಮುಟ್ಟದೆ ಹಿಂದಿರುಗಿದವರ ಸಂಗತಿ. ಸೈಬರ್ ಅಂಗಡಿಯಲ್ಲಿ ಬೇಸತ್ತು ಮನೆಗೆ ಹೋದ ಹುಡುಗಿಯ ಅರ್ಜಿ ಯಾವ ಮೀಟರಿನಲ್ಲಿಯೂ ಬರುವುದಿಲ್ಲ. ಆದ್ದರಿಂದ ಹೊರಬಾಗಿಲಲ್ಲಿಯೂ ಒಂದು ಎಣಿಕೆ ಇರಬೇಕು: ಬಂದವರೆಷ್ಟು, ಕೆಲಸ ಮುಗಿಸಿಕೊಂಡು ಹೋದವರೆಷ್ಟು. ಇವೆರಡರ ನಡುವಣ ವ್ಯತ್ಯಾಸವನ್ನು ನೋಡದೆ ವಿಲೇವಾರಿಯ ಅಂಕಿಯೊಂದನ್ನೇ ಮೆಚ್ಚಿಕೊಳ್ಳುವುದು ಸರಿಯಲ್ಲ.

ವಿವರ ಬೇಕಾದಾಗ

ಕೆಲವು ವೇಳೆ ಒಟ್ಟು ಲೆಕ್ಕ ಸಾಲದು. ಯಾವ ಬಗೆಯ ಪ್ರಶ್ನೆ ಎಷ್ಟು ಸಲ ಬಂದಿತು, ಯಾವುದು ಹೆಚ್ಚು ಹೊತ್ತನ್ನು ತಿಂದಿತು ಎಂಬುದು ಬೇಕಾಗುವುದು. ಇದಕ್ಕೆ ಪೋಸ್ಟ್‌ಗ್ರೆಸಿನಲ್ಲಿ ‘ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್’ ಎಂಬ ಉಪಾಂಗವುಂಟು. ಅದು ಪ್ರಶ್ನೆಯಲ್ಲಿನ ಹೆಸರು, ಸಂಖ್ಯೆ ಮುಂತಾದ ಬದಲಾಗುವ ಭಾಗಗಳನ್ನು ಬಿಟ್ಟು ಒಂದೇ ಅಚ್ಚಿನವನ್ನು ಒಂದೇ ತಲೆಬರಹದ ಕೆಳಗೆ ಕೂಡಿಸುವುದು. ಲಕ್ಷ ವಿದ್ಯಾರ್ಥಿಗಳು ತಮ್ಮ ತಮ್ಮ ಅಂಕಗಳನ್ನು ಕೇಳಿದರೆ ಅಲ್ಲಿ ಲಕ್ಷ ಸಾಲುಗಳಾಗುವುದಿಲ್ಲ. ಒಂದೇ ಸಾಲು, ಅದರ ಮುಂದೆ ಒಂದು ಲಕ್ಷ ಎಂಬ ಅಂಕಿ. ಬೇರೆ ಅಪ್ಪಣೆಯಿಲ್ಲದಿದ್ದರೆ ಇಂತಹ 5,000 ಅಚ್ಚುಗಳವರೆಗೆ ಮಾತ್ರ ಅದು ನೆನಪಿಡುವುದು. ಇದಕ್ಕೂ ಸ್ವಲ್ಪ ವೆಚ್ಚವುಂಟು, ಆದರೆ ಎಲ್ಲವನ್ನೂ ಬರೆದಿಡುವುದಕ್ಕೆ ಹೋಲಿಸಿದರೆ ಬಹಳ ಕಡಮೆ.

ಇನ್ನೂ ಸೂಕ್ಷ್ಮವಾದ ವಿವರ ಬೇಕಾದರೆ ಮಾದರಿಯನ್ನು ಆಯುವ ವಿಧಾನವಿದೆ. ಮಹಲನೋಬಿಸರ ಪ್ರೇರಣೆಯಿಂದ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ದೇಶದ ಮನೆಮನೆಯನ್ನೂ ತಟ್ಟದೆ, ಆಯ್ದ ಮನೆಗಳಿಂದಲೇ ಇಡೀ ದೇಶದ ಸ್ಥಿತಿಯನ್ನು ಅಂದಾಜು ಮಾಡಿತಷ್ಟೆ? ಹಾಗೆಯೇ 2020ರಲ್ಲಿ ಬಂದ ಪೋಸ್ಟ್‌ಗ್ರೆಸಿನ 13ನೆಯ ಆವೃತ್ತಿಯಿಂದ, ಲಾಗಿನಲ್ಲಿ ನೂರಕ್ಕೆ ಒಂದು ಪ್ರಶ್ನೆಯನ್ನು ಮಾತ್ರ ಆಯ್ದು ಬರೆಯುವಂತೆ ಅಪ್ಪಣೆ ಕೊಡಬಹುದು. 10 ಲಕ್ಷ ಪ್ರಶ್ನೆಗಳಲ್ಲಿ ಸುಮಾರು 10,000 ಲಾಗಿಗೆ ಬಂದರೆ, ಆ ಎಣಿಕೆಯ ಸಾಮಾನ್ಯ ದೋಷ ಅದರ ವರ್ಗಮೂಲದಷ್ಟು, ಅಂದರೆ ಸುಮಾರು 100, ನೂರಕ್ಕೆ ಒಂದು. ಬರೆಯುವ ಹೊರೆ ನೂರನೆಯ ಒಂದು ಪಾಲಿಗೆ ಇಳಿಯಿತು, ತಪ್ಪಿದ್ದು ನೂರಕ್ಕೆ ಒಂದರಷ್ಟು ಮಾತ್ರ. ಅತಿ ನಿಧಾನವಾದ ಪ್ರಶ್ನೆಗಳನ್ನು ಮಾತ್ರ ಬರೆದಿಡುವುದು ಇನ್ನೊಂದು ಉಪಾಯ. ಮೈಎಸ್‌ಕ್ಯುಎಲ್‌ನಲ್ಲಿ ಇಂತಹ ಲಾಗಿಗೆ ಮೊದಲೇ ಗೊತ್ತುಮಾಡಿರುವ ಮಿತಿ 10 ಸೆಕೆಂಡುಗಳು.

ಗಡಿಯಾರವನ್ನು ನೋಡುವುದಕ್ಕೂ ಬೆಲೆಯಿದೆಯೆಂಬುದನ್ನು ಮರೆಯಬಾರದು. ಒಂದು ಪ್ರಶ್ನೆಯ ಪ್ರತಿ ಹಂತಕ್ಕೂ ಎಷ್ಟು ಕಾಲ ಹಿಡಿಯಿತೆಂದು ತಿಳಿಯಲು ‘ಎಕ್ಸ್‌ಪ್ಲೇನ್ ಅನಲೈಜ್’ ಎಂಬ ಆಜ್ಞೆಯಿದೆ. ಆದರೆ ಒಂದೊಂದು ಸಾಲನ್ನು ಮುಟ್ಟುವಾಗಲೂ ಅದು ಗಡಿಯಾರವನ್ನು ನೋಡುತ್ತಿರುವುದರಿಂದ, ಕೆಲವು ಯಂತ್ರಗಳಲ್ಲಿ ಅಳೆದ ಪ್ರಶ್ನೆ ಅಳೆಯದ ಪ್ರಶ್ನೆಗಿಂತ ಬಹಳ ನಿಧಾನವಾಗುವುದು. ಗಡಿಯಾರವನ್ನು ನೋಡುವ ವೆಚ್ಚವನ್ನೇ ಅಳೆಯಲು ‘ಪಿಜಿ ಟೆಸ್ಟ್ ಟೈಮಿಂಗ್’ ಎಂಬ ಪ್ರತ್ಯೇಕ ಸಾಧನವನ್ನು ಪೋಸ್ಟ್‌ಗ್ರೆಸಿನವರು ಕೊಟ್ಟಿರುವರು.

ಅಳತೆಯ ಭಾರವನ್ನು ಅಳೆಯುವುದು

‘ನಮ್ಮ ಅಳತೆ ಹಗುರ’ ಎಂದು ಬಾಯಲ್ಲಿ ಹೇಳಿದರೆ ಸಾಲದು, ಪರೀಕ್ಷಿಸಿ ನೋಡಬೇಕು. ಜನರು ಬಳಸುತ್ತಿರುವ ಯಂತ್ರವನ್ನು ಬಿಟ್ಟು ಅದರಂತೆಯೇ ಇರುವ ಬೇರೊಂದು ಯಂತ್ರದ ಮೇಲೆ ಈ ಪರೀಕ್ಷೆ ನಡೆಯಬೇಕು. ಕೃತಕವಾದ ಹೊರೆಯನ್ನು ಹೇರುವುದಕ್ಕೆ ಪೋಸ್ಟ್‌ಗ್ರೆಸಿನೊಡನೆಯೇ ಬರುವ ‘ಪಿಜಿ ಬೆಂಚ್’ ಎಂಬ ಸಾಧನವಿದೆ. ಸೆಕೆಂಡಿಗೆ ಎಷ್ಟು ವ್ಯವಹಾರಗಳು ಮುಗಿದುವೆಂದು ಅದು ಹೊರಗಿನಿಂದಲೇ ಎಣಿಸಿ ಹೇಳುವುದು. ದೊಡ್ಡ ದೊಡ್ಡ ಕಂಪನಿಗಳ ಯಂತ್ರಗಳನ್ನು ಒಂದೇ ನಿಯಮದಿಂದ ಹೋಲಿಸಲು 1988ರಲ್ಲಿ ಟಿಪಿಸಿ ಎಂಬ ಮಂಡಲಿ ಹುಟ್ಟಿತು. 1992ರಲ್ಲಿ ಅದು ಅಂಗೀಕರಿಸಿದ ‘ಟಿಪಿಸಿ-ಸಿ’ ಎಂಬ ಪರೀಕ್ಷೆಯಲ್ಲಿ ನಿಮಿಷಕ್ಕೆ ಎಷ್ಟು ಹೊಸ ಬೇಡಿಕೆಗಳು ವಿಲೇವಾರಿಯಾದುವೆಂಬುದೇ ಅಳತೆಗೋಲು.

ನಮ್ಮ ಪರೀಕ್ಷೆಯ ಕ್ರಮವು ಸುಲಭ. ಅಳತೆಯನ್ನು ನಿಲ್ಲಿಸಿ ಒಂದು ಸಲ, ಅಳತೆಯನ್ನು ಹಚ್ಚಿ ಒಂದು ಸಲ, ಮತ್ತೆ ನಿಲ್ಲಿಸಿ, ಮತ್ತೆ ಹಚ್ಚಿ, ಹೀಗೆ ಹಲವು ಸಲ ಒಂದೇ ಹೊರೆಯನ್ನು ಹೇರಬೇಕು. ಒಂದೇ ಸಲಕ್ಕೆ ಬಂದ ವ್ಯತ್ಯಾಸ ಆಕಸ್ಮಿಕವಾಗಿರಬಹುದು. ಹಲವು ಸಲವೂ ಒಂದೇ ಕಡೆಗೆ ಬಂದರೆ ಮಾತ್ರ ಅದು ಅಳತೆಯ ಭಾರ. ಹೊರೆ ಕಡಮೆಯಿದ್ದಾಗ ಮಾಡಿದ ಪರೀಕ್ಷೆಯನ್ನು ನಂಬಬಾರದು. ಖಾಲಿ ಬಸ್ಸಿಗೆ ಇನ್ನೊಬ್ಬನು ಹತ್ತಿದರೆ ಯಾರಿಗೂ ತೊಂದರೆಯಿಲ್ಲ. ತುಂಬಿದ ಬಸ್ಸಿಗೆ ಹತ್ತಿದರೆ ಮಾತ್ರ ಅವನ ಭಾರ ತಿಳಿಯುವುದು.

ಕೊನೆಯ ಮಾತು

ಈ ವಿಷಯವನ್ನು ಅಭ್ಯಾಸ ಮಾಡುತ್ತಾ ಹೋದಂತೆ ಇದು ಗಣಕಕ್ಕೆ ಮಾತ್ರ ಸೇರಿದ ಮಾತಲ್ಲವೆಂದು ನನಗೆ ತೋರಿತು. ನಮ್ಮಲ್ಲಿ ಹಲವರು ನಾಳೆ ಶಾಲೆಗಳಲ್ಲಿಯೋ, ಪಂಚಾಯತಿಗಳಲ್ಲಿಯೋ, ಸರಕಾರದ ಕಚೇರಿಗಳಲ್ಲಿಯೋ ಕೆಲಸಕ್ಕೆ ಸೇರುವವರು. ಅಲ್ಲಿ ನಮ್ಮಿಂದ ವರದಿಯನ್ನು ಕೇಳುವರು. ಮುಂದೆ ನಾವೂ ನಮ್ಮ ಕೈಕೆಳಗಿನವರನ್ನು ವರದಿ ಕೇಳುವೆವು. ಪಾಠ ಎಷ್ಟು ನಡೆಯಿತೆಂದು ಬರೆಯುವುದರಲ್ಲಿಯೇ ಪಾಠದ ಹೊತ್ತು ಕಳೆದುಹೋದರೆ, ಎಷ್ಟು ಮನೆಗಳಿಗೆ ಹೋಗಿ ಬಂದೆನೆಂದು ತುಂಬುವುದರಲ್ಲಿಯೇ ಆಶಾ ಕಾರ್ಯಕರ್ತೆಯ ದಿನ ಮುಗಿದರೆ, ವರದಿ ತುಂಬುವುದು, ಕೆಲಸ ಬರಿದಾಗುವುದು. ಹಾಗೆಂದು ಲೆಕ್ಕವೇ ಬೇಡವೆನ್ನುವುದೂ ತಪ್ಪು. ಲೆಕ್ಕವಿಲ್ಲದ ಕಡೆ ಮೊದಲು ಮರೆತುಹೋಗುವವರು ಸಾಲಿನ ಕೊನೆಯಲ್ಲಿ ನಿಂತವರೇ.

ಕೆಲಸ ಮಾಡುವಾಗಲೇ ತಾನಾಗಿ ಹುಟ್ಟುವ ಗುರುತುಗಳನ್ನು ಎಣಿಸುವುದು, ಅಪರೂಪಕ್ಕೊಮ್ಮೆ ಓದುವುದು, ವಿವರ ಬೇಕಾದ ಕಡೆ ಮಾದರಿಯನ್ನು ಆಯುವುದು, ಕೇಳುವ ಪ್ರತಿಯೊಂದು ಅಂಕಿಗೂ ಯಾರ ಹೊತ್ತು ವೆಚ್ಚವಾಗುವುದೆಂದು ಮೊದಲೇ ಯೋಚಿಸುವುದು: ಇಷ್ಟನ್ನು ನಾವು ಡೇಟಾಬೇಸಿನಿಂದ ಕಲಿಯಬಹುದು. ಮುಂದೆ ನಮ್ಮಲ್ಲಿ ಯಾರಾದರೂ ಇಂತಹ ಯಂತ್ರವನ್ನು ನೋಡಿಕೊಳ್ಳುವ ಸ್ಥಾನಕ್ಕೆ ಬಂದರೆ, ಅರ್ಜಿಯ ಕಡೆಯ ದಿನ ಸಂಜೆ ಮೀಟರನ್ನು ಓದುವಾಗ ಆ ಅಂಕಿಯ ಹಿಂದೆ ಊರಿನ ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಗಡಿಯಾರ ನೋಡುತ್ತಿರುವ ವಿದ್ಯಾರ್ಥಿಗಳಿದ್ದಾರೆಂಬುದನ್ನು ನೆನಪಿನಲ್ಲಿಡಬೇಕೆಂದು ನನ್ನ ಸಹಪಾಠಿಗಳಲ್ಲಿ ವಿನಂತಿ.